ಪ್ರತಿಷ್ಠಾನದ ಕುರಿಹಿಂಡು

ನಮ್ಮ ಗಡಿಸೀಮೆ ವಿಶ್ವವಿದ್ಯಾಲಯದಲ್ಲಿ ಯಾರದೋ ಹೆಸರಿಲ್ಲದ ವಸ್ತು ಸಿಗುವುದು ಕಷ್ಟ. ಫ್ಯಾನಿನ ರೆಕ್ಕೆಯ ಮೇಲೆ ಒಬ್ಬರ ಹೆಸರು, ನೀರಿನ ಟಾಕಿಯ ಮೇಲೆ ಇನ್ನೊಬ್ಬರ ಹೆಸರು, ಕಲ್ಲಿನ ಬೆಂಚಿನ ಮೇಲೆ ತೀರಿಹೋದ ಅಜ್ಜಿಯೊಬ್ಬಳ ಹೆಸರು. ಹುಡುಗರು ಆ ಅಜ್ಜಿಯ ಮೇಲೆಯೇ ಕೂತು ಶೇಂಗಾ ತಿನ್ನುತ್ತಾರೆ. ಮೂತ್ರಿಖಾನೆಗೆ ಮಾತ್ರ ಇನ್ನೂ ದಾನಿ ಸಿಕ್ಕಿಲ್ಲ. ಈ ಹೆಸರುಗಳನ್ನೆಲ್ಲ ಹೊತ್ತು ತರುವವಳು ನಾನು, ರಾಜೇಶ್ವರಿ. ವಿಶ್ವವಿದ್ಯಾಲಯದ ಪ್ರತಿಷ್ಠಾನದಲ್ಲಿ ದೇಣಿಗೆ ಕೂಡಿಸುವುದು ನನ್ನ ನೌಕರಿ.

ದಾನಿಗಳ ಬಗ್ಗೆ ನಾನು ಕೆಟ್ಟದ್ದು ಆಡಬಾರದು, ಅವರ ಉಪ್ಪು ತಿನ್ನುತ್ತಿದ್ದೇನೆ. ಆದರೂ ಒಂದು ಮಾತು ಹೇಳದೆ ಇರಲಾರೆ. ಅಥಣಿ, ಕಾಗವಾಡದ ದ್ರಾಕ್ಷಿ ತೋಟದವರಿರಲಿ, ರಾಯಬಾಗದ ಕಬ್ಬಿನವರಿರಲಿ, ಕಟ್ಟಡಕ್ಕೆ ಎಂದರೆ ಕೈ ಬಿಚ್ಚುತ್ತಾರೆ. ಬಡ ಹುಡುಗಿಯರ ವಸತಿಗೃಹದ ಊಟದ ಖರ್ಚಿಗೆ ಎಂದರೆ 'ನೋಡೋಣ್ರಿ' ಎಂದು ಚಹಾ ತರಿಸುತ್ತಾರೆ. ತಿಂದು ಮುಗಿದ ರೊಟ್ಟಿಯ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲವಲ್ಲ! ಹೀಗಾಗಿ ನಮ್ಮಲ್ಲಿ ಖೋಲಿಗಳು ಏಳುತ್ತವೆ. ಆ ಖೋಲಿಗಳಲ್ಲಿ ಇರಬೇಕಾದ ಹುಡುಗಿಯರು ಮೆಸ್ಸಿನ ಹಣ ಕಟ್ಟಲಾಗದೆ ಗಂಟು ಕಟ್ಟಿಕೊಂಡು ಮನೆಗೆ ಹೋಗುತ್ತಾರೆ.

ಇದಕ್ಕೊಂದು ದಾರಿ ಹುಡುಕಿದವನು ನನ್ನ ಅಪ್ಪ ಮಲಕಾರಿ. ಅಪ್ಪ ಕುರಿ ಕಾಯುವವನು. ವರ್ಷದ ಹೆಚ್ಚು ದಿನ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಹೊಲಗಳಲ್ಲಿ ಹಿಂಡು ಹೊಡೆದುಕೊಂಡು ತಿರುಗುತ್ತಾನೆ. ನಮ್ಮ ಮಂದಿಯ ಹುಡುಗಿಯರು ಹಿಂಡಿನ ಬೆನ್ನು ಹತ್ತಿ ತಿರುಗುತ್ತ ತಿರುಗುತ್ತ ಶಾಲೆ ಮರೆಯುತ್ತಾರೆ. ನಾನು ಮರೆಯಲಿಲ್ಲ, ಯಾಕೆಂದರೆ ಅಪ್ಪ ನನ್ನನ್ನು ಚಿಕ್ಕೋಡಿಯ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದ. ಎಲ್ಲರಿಗೂ ಚಿಕ್ಕೋಡಿಯಲ್ಲಿ ಸೋದರತ್ತೆ ಇರುವುದಿಲ್ಲ. ಒಮ್ಮೆ ನಾನು ಈ ಊಟದ ಹಣದ ಗೋಳನ್ನು ಅವನ ಮುಂದೆ ಹೇಳಿಕೊಂಡಾಗ, ಅಪ್ಪ ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದು, "ನಿಮ್ಮ ವಿದ್ಯಾಪೀಠಕ್ಕ ದಡ್ಡಿ ತುಂಬೋಣು ಬಿಡವ್ವಾ," ಎಂದ.

ದಡ್ಡಿ ಎಂದರೆ ಕುರಿ ಕೂಡುವ ಬೇಲಿ. ನಮ್ಮಲ್ಲಿ ಯಾರದಾದರೂ ಹಿಂಡು ರೋಗ ಬಂದು ಸತ್ತುಹೋದರೆ, ಉಳಿದವರು ಮನೆಗೊಂದು ಹೆಣ್ಗುರಿ ಕೊಟ್ಟು ಅವನ ದಡ್ಡಿ ತುಂಬುತ್ತಾರೆ. ಹಾಗೆ ಬಂದ ಕುರಿಯನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ. ಗಂಡು ಮರಿ, ಉಣ್ಣೆ, ಗೊಬ್ಬರ ಮಾರಿಕೊಂಡು ಬದುಕಬೇಕು. ಹೆಣ್ಣು ಮರಿ ದಡ್ಡಿಯಲ್ಲೇ ಬೆಳೆಯಬೇಕು. ಇದಕ್ಕೆ ಕಾಗದವಿಲ್ಲ, ಸಹಿಯಿಲ್ಲ. ಎಲ್ಲರ ಬಳಿ ಹೋಗಿ ಕೇಳುವವನೊಬ್ಬ ಇರುತ್ತಾನೆ. ಅವನು ದೇವರ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ ಮುಟ್ಟಿ, ಈ ಕುರಿ ಕಟುಕರ ಕೈಗೆ ಹೋಗುವುದಿಲ್ಲ ಎಂದು ಮಾತು ಕೊಡುತ್ತಾನೆ. ಅವನ ಮಾತು ನಂಬಿ ಮಂದಿ ಕುರಿ ಬಿಡುತ್ತಾರೆ.

ಈ ಸಲ ಕೇಳಿದವನು ಅಪ್ಪ. ಒಂದೊಂದು ಹಿಂಡು ಒಂದೊಂದು ಊರಿನಲ್ಲಿತ್ತು. ಅಪ್ಪ ಎಲ್ಲೆಲ್ಲಿಗೂ ನಡೆದು ಹೋಗಿ ಭಂಡಾರ ಮುಟ್ಟಿದ. ಸಾವಕ್ಕ ಎಂಬ ವಿಧವೆ, ತನ್ನ ಬಳಿ ಬೆರಳೆಣಿಕೆಯಷ್ಟೇ ಕುರಿ ಇದ್ದರೂ, ಮೊದಲ ಸಲ ಗಬ್ಬವಾದ ಕುರಿಯನ್ನೇ ಕೊಟ್ಟಳು. ಅವಳ ಮೊಮ್ಮಗಳು ಮನಿಷಾ ಆ ವರ್ಷ ನಮ್ಮಲ್ಲಿ ಬಿ.ಎಸ್ಸಿ. ಸೇರುವವಳಿದ್ದಳು. ಹುಡುಗಿಯ ಊಟಕ್ಕೆ ಕೊರತೆಯಾಗುವುದಿಲ್ಲ ಎಂದೂ ಅಪ್ಪ ಮಾತು ಕೊಟ್ಟ.

ಹಿಂಡು ದಿಗ್ಗೇವಾಡಿಯ ಹತ್ತಿರ ಇರುವ ವಿಶ್ವವಿದ್ಯಾಲಯದ ತೋಟಕ್ಕೆ ಬಂದಾಗ ಪ್ರತಿಷ್ಠಾನದ ಅಧ್ಯಕ್ಷರು ಭಾವುಸಾಹೇಬರು ತಾವೇ ಎದುರು ಬಂದು ಕೈಮುಗಿದರು. ಭಾವುಸಾಹೇಬರು ದೊಡ್ಡ ಕಬ್ಬಿನ ಮನೆತನದವರು. ವಿಶ್ವವಿದ್ಯಾಲಯಕ್ಕೆ ತಮ್ಮ ಸ್ವಂತ ಜಮೀನು ಕೊಟ್ಟವರು. ಒಂದು ಪೈಸೆ ತಿಂದವರಲ್ಲ, ಆ ಮಾತು ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. "ಕುರಿ ನಿಮ್ಮವಲ್ರಿ, ಮರಿ ನಿಮ್ಮವು. ಹುಡುಗ್ಯಾರ ಊಟ ಮರಿ ಮ್ಯಾಲ ನಡೀಬೇಕು." ಸಾಹೇಬರು, "ಹಂಗಾಗ್ಲಿ ಮಲಕಾರಿ," ಎಂದು ಅಪ್ಪನ ಭುಜ ತಟ್ಟಿದರು. ತೋಟದ ಆಳು ದುಂಡೇಶನಿಗೆ ಕುರಿ ನೋಡಿಕೊಳ್ಳುವ ಕೆಲಸ ಬಿತ್ತು. ಮೊದಲ ವರ್ಷದ ಗಂಡು ಮರಿಗಳನ್ನು ಮಾರಿದ್ದರಲ್ಲಿ ಮನಿಷಾಳೂ ಅವಳ ಜೊತೆಯ ಕುರಿಗಾರರ ಹುಡುಗಿಯರೂ ವರ್ಷವಿಡೀ ಉಂಡರು. ಅಪ್ಪನ ಲೆಕ್ಕಾಚಾರ ನಮ್ಮ ಹಣಕಾಸು ಸಮಿತಿಯದಕ್ಕಿಂತ ಚೆನ್ನಾಗಿ ನಡೆಯಿತು ಎಂದು ನಾನು ಆಫೀಸಿನಲ್ಲಿ ಎದೆ ಉಬ್ಬಿಸಿಕೊಂಡು ತಿರುಗಿದೆ.

ಈ ವರ್ಷ ದಾನಿಗಳ ಸಮಾವೇಶ ಹತ್ತಿರ ಬಂತು. ಆಮಂತ್ರಣ ಕೊಡಲು ನನ್ನನ್ನು ಕಾಗವಾಡದ ಕಡೆಗೆ ಕಳಿಸಿದರು. ತೋಟ ತೋಟ ಅಲೆದು, ಒಣದ್ರಾಕ್ಷಿ ತಿಂದು ಹಲ್ಲು ಜುಮ್ಮೆನ್ನಿಸಿಕೊಂಡು ಕೆಲವು ದಿನಗಳ ಮೇಲೆ ವಾಪಸು ಬಂದೆ. ಬಂದವಳೇ ಕುರಿ ನೋಡೋಣವೆಂದು ತೋಟಕ್ಕೆ ಹೋದರೆ ದಡ್ಡಿ ಖಾಲಿ. ದುಂಡೇಶ ಒಬ್ಬನೇ ಹಿಕ್ಕೆ ಗುಡಿಸುತ್ತಿದ್ದ.

"ಮೇಯಾಕ ಹೊಡದಿಯೇನೋ?" ಎಂದೆ.

ಅವನು ಪೊರಕೆ ಬಿಟ್ಟು ಎದ್ದು ನಿಂತ. "ಇಲ್ರಿ ಅಕ್ಕಾರ. ಟೆಂಪೋ ಬಂದಿತ್ತು. ಸಾಹೇಬ್ರ ನಿಂತು ಹತ್ತಿಸಿದ್ರು. ಗಬ್ಬದವು ಅದಾವ್ರೀ ಅಂದೆ. ತೂಕ ಹೆಚ್ಚ ಬರ್ತೈತಿ ಬಿಡು ಅಂದ ಆ ವ್ಯಾಪಾರಿ."

ವ್ಯಾಪಾರಿಯ ನಂಬರ್ ಇಸಿದುಕೊಂಡು ಅಲ್ಲೇ ನಿಂತು ಫೋನ್ ಹಚ್ಚಿದೆ. ಅವನು ಮರಾಠಿಯಲ್ಲಿ, ಬಹಳ ಮರ್ಯಾದೆಯಿಂದ, ಮಾಲು ಗಡಿ ದಾಟಿ ಹೋಗಿದೆ, ಇಷ್ಟೊತ್ತಿಗೆ ಮುಗಿದಿದೆ ತಾಯಿ ಎಂದ. ಬೇರೆ ಕುರಿ ಬೇಕಿದ್ದರೆ ಕೊಡಿಸುತ್ತೇನೆ ಎಂದೂ ಹೇಳಿದ. ಅವನದೇನು ತಪ್ಪು? ಅವನು ಕೊಂಡ, ಮಾರಿದ.

ಭಾವುಸಾಹೇಬರ ಖೋಲಿಗೆ ನಾನು ಬಾಗಿಲು ತಟ್ಟದೆ ನುಗ್ಗಿದೆ. ಅವರು ಹೊಸ ವಸತಿಗೃಹದ ನಕಾಶೆ ಹರವಿಕೊಂಡು ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿಸಿ, ಮಗುವನ್ನು ಕರೆಯುವ ಹಾಗೆ ಮರಾಠಿಯಲ್ಲಿ 'ಬಾಳಾ' ಎಂದು ಕರೆದರು.

"ಬಾ ಬಾಳಾ, ನಿನಗ ಹೇಳಬೇಕಂತ ಕಾಯಾಕತ್ತಿದ್ದೆ. ಕುರಿ ವ್ಯಾಪಾರ ಭಾರಿ ಚಲೋ ಕುದರ್ತು. ಬಂದಷ್ಟ ರೊಕ್ಕ ನನ್ನ ಕೈಲಿಂದಾನೂ ಹಾಕೀನಿ. ನಿಮ್ಮ ಮಂದಿ ಹೆಸರ್ಲೆ ಎರಡ ಖೋಲಿ. ಕಲ್ಲಿನ್ಯಾಗ ಹೆಸರ ಕೆತ್ತಸತೀನಿ. ನಿಮ್ಮ ಅಪ್ಪನ ಹೆಸರ ಮೊದಲ."

"ಆ ಖೋಲ್ಯಾಗ ಇರೂ ಹುಡುಗ್ಯಾರು ಏನ ಉಣ್ಣಬೇಕ್ರಿ, ಕಲ್ಲ?"

"ಅದಕ್ಕ ಬ್ಯಾರೆ ದಾನಿ ನೋಡಿದ್ರಾತು. ನೀ ಅದೀಯಲ್ಲ."

"ಸಾಹೇಬ್ರ, ನಿಮ್ಮ ತಂದಿಯವರ ಹೆಸರ್ಲೆ ಬಹುಮಾನದ ಠೇವಣಿ ಐತೆಲ್ರಿ. ಅದನ್ನ ಮುರದು ಖೋಲಿ ಕಟ್ಟಿಸ್ತೀರೇನ್ರಿ?"

ಅವರ ಮುಖ ಬಿಗಿಯಿತು. "ಅದ ಮೂಲಧನ. ಅದನ್ನ ಹೆಂಗ ಮುಟ್ಟಾಕ ಬರ್ತೈತಿ? ಬಡ್ಡಿ ಅಷ್ಟ ಖರ್ಚ ಮಾಡಬೇಕು."

"ಇವೂ ಮೂಲಧನಾನ ಇದ್ದೂರಿ."

ಅವರು ನಕ್ಕರು. ಕೆಟ್ಟ ನಗುವಲ್ಲ, ತಿಳಿಯದ ಮಗುವನ್ನು ನೋಡಿ ನಗುವ ನಗು. ಅದೇ ನನ್ನ ಮೈ ಉರಿಸಿತು. "ಕುರಿ ಅಂದ್ರ ಕುರಿ, ರಾಜೇಶ್ವರಿ. ನಾಳಿ ರೋಗ ಬಂದು ಎಲ್ಲಾ ಸತ್ರ ನಿಮ್ಮ ಮಂದಿಗಿ ನಾ ಏನ ಹೇಳ್ಲಿ? ಈಗ ನೋಡು, ಕಟ್ಟಡ ಆಗತೈತಿ. ನೂರ ವರ್ಷ ನಿಂದರತೈತಿ."

ಈ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ರೋಗ ಬಂದರೆ ಕುರಿ ಸಾಯುತ್ತವೆ, ನಿಜ. ಆದರೆ ನಮ್ಮ ಮಂದಿಗೆ ಸತ್ತ ಕುರಿಯ ಬಗ್ಗೆ ಹೇಳುವುದು ಹೇಗೆಂದು ಗೊತ್ತಿದೆ. ಮಾರಿದ ಕುರಿಯ ಬಗ್ಗೆ ಏನು ಹೇಳುವುದು? ಆ ಹಣವನ್ನಾದರೂ ಠೇವಣಿ ಇಡಿ ಎಂದೆ. ಗುತ್ತಿಗೆದಾರನಿಗೆ ಕೊಟ್ಟಾಗಿದೆ ಎಂದರು. ಚಹಾ ಕುಡಿದು ಹೋಗು ಎಂದರು. ನಾನು ಕುಡಿಯಲಿಲ್ಲ.

ಅಪ್ಪನ ಹಿಂಡು ಆಗ ಅಕ್ಕೋಳದ ಹತ್ತಿರ ತಂಬಾಕು ಕಿತ್ತ ಹೊಲವೊಂದರಲ್ಲಿತ್ತು. ನಾನು ಹೋದಾಗ ಅಪ್ಪ ಕುರಿಯೊಂದನ್ನು ಮಡಿಲಲ್ಲಿ ಮಲಗಿಸಿಕೊಂಡು ಅದರ ಗೊರಸು ಕೆತ್ತುತ್ತಿದ್ದ. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅವನು ಕೈ ನಿಲ್ಲಿಸದೆ ಕೇಳಿಸಿಕೊಂಡ.

"ಗಬ್ಬದವೂ ಹೋದೂ?" ಎಂದ.

"ಹೂಂ ಅಪ್ಪಾ."

"ಸಾವಕ್ಕಂದು?"

"ಅದೂ ಹೋತು."

ಆಗ ಚಾಕು ಕೆಳಗಿಟ್ಟ. ಕುರಿಯನ್ನು ಎಬ್ಬಿಸಿ ಬಿಟ್ಟ. ಅದು ಹಿಂಡಿನೊಳಗೆ ಸೇರಿಹೋಗುವವರೆಗೂ ಅದನ್ನೇ ನೋಡುತ್ತ ಕೂತ. ನನಗೆ ಅವನು ಬೈಯಲಿ ಎನಿಸುತ್ತಿತ್ತು. ಬೈದಿದ್ದರೆ ಅಳಬಹುದಿತ್ತು.

"ಸಾಹೇಬ್ರ ಕಡಿಂದ ಬ್ಯಾರೆ ಕುರಿ ತರಸೋಣು," ಎಂದೆ.

"ಕೊಂಡ ಕುರಿ ಬ್ಯಾರೆ, ಬೇಡಿ ತಂದ ಕುರಿ ಬ್ಯಾರೆ. ನಾ ಭಂಡಾರ ಮುಟ್ಟಿ ಏನಂದಿದ್ದೆ? ಕಟಗರ ಕೈಗಿ ಹೋಗೂದಿಲ್ಲ ಅಂದಿದ್ದೆ. ಹೋದೂ." ಅಪ್ಪ ನೆಲದ ಮೇಲಿನ ಮಣ್ಣು ಸವರಿದ. "ದಡ್ಡಿ ತುಂಬಿಸಿಕೊಂಡಾಂವ ತಪ್ಪಿದ್ರ ಕೇಳಿದಾಂವ ತುಂಬಿ ಕೊಡಬೇಕು. ಮನಿಗೊಂದು ಕೇಳೀನಿ, ಮನಿಗೊಂದು ತಿರಗಿ ಕೊಡಬೇಕು."

ಮನೆಗೊಂದು ತಿರುಗಿ ಕೊಟ್ಟರೆ ಅಪ್ಪನ ಹಿಂಡಿನಲ್ಲಿ ಏನೂ ಉಳಿಯುವುದಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವ್ವ ಸತ್ತ ಮೇಲೆ ಆ ಹಿಂಡೇ ಅವನ ಸಂಸಾರ.

"ಆಮ್ಯಾಲ ನಿನ್ನ ದಡ್ಡಿ ಯಾರ ತುಂಬತಾರು?" ಎಂದು ಸಿಟ್ಟಿನಲ್ಲೇ ಕೇಳಿದೆ.

"ರೋಗ ಬಂದು ಹೋದವಗ ತುಂಬತಾರ. ಮಾತು ಹೋದವಗ ಯಾರ ತುಂಬತಾರವ್ವಾ?"

"ಬ್ಯಾರೆ ಹಾದಿ ಇಲ್ಲೇನು?"

ಅಪ್ಪ ಚಾಕುವನ್ನು ಎತ್ತಿ ಧೋತರದ ಅಂಚಿಗೆ ಒರೆಸಿದ. "ಒಂದ ಐತಿ. ಸಾಹೇಬ್ರು ನಮ್ಮ ಮಂದಿ ಮುಂದ ನಿಂತು, ಮಲಕಾರಿ ನಮಗ ಖರೇ ಹೇಳಿದ್ದ, ತಪ್ಪು ನಮ್ಮದು ಅಂತ ಒಂದ ಮಾತು ಅಂದ್ರ ಸಾಕು. ಕುರಿನೂ ಬ್ಯಾಡ, ರೊಕ್ಕಾನೂ ಬ್ಯಾಡ. ತಪ್ಪು ಒಪ್ಪಿದವರ ಮ್ಯಾಲ ನಮ್ಮ ಮಂದಿ ಬಾಕಿ ಇಟಗೊಳ್ಳೂದಿಲ್ಲ. ನಾನೂ ಉಳೀತೀನಿ."

ಒಂದೇ ಮಾತು! ನನಗೆ ಜೀವ ಬಂದಂತಾಯಿತು. ಕಟ್ಟಡ ಕೊಡಿ ಎಂದು ಕೇಳಿದರೆ ಕೊಡುವ ಮನುಷ್ಯ, ಒಂದು ಮಾತು ಕೊಡುವುದಿಲ್ಲವೇ?

ಮರುದಿನ ರಾಯಬಾಗದ ಅವರ ಮನೆಗೆ ಹೋದೆ. ಭಾವುಸಾಹೇಬರು ತೂಗುಮಂಚದ ಮೇಲೆ ಕೂತು ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಅವರ ಹೆಂಡತಿ ಸಕ್ಕುಬಾಯಿ ಚಹಾ ತಂದಿಟ್ಟು ಬಾಗಿಲ ಬಳಿ ನಿಂತರು.

"ನೀ ಒಂದ ಮಾತು ಅಂತೀದಿ," ಎಂದರು ಸಾಹೇಬರು. "ಸಮಾವೇಶದ ದಿನ ಮುಂದಿನ ಸಾಲಿನ್ಯಾಗ ಯಾರ ಕೂಡತಾರ ನಿನಗ ಗೊತ್ತೈತಿ. ನೀನ ಕರದು ಬಂದೀ. ಇವ್ರು ಒಂದಕ್ಕಂತ ಇಸ್ಕೊಂಡು ಇನ್ನೊಂದಕ್ಕ ಹಾಕತಾರ ಅಂತ ಅವರ ತಲ್ಯಾಗ ಹೊಕ್ಕತಂದ್ರ ಮುಂದ ಒಬ್ರೂ ಕೈ ಬಿಚ್ಚೂದಿಲ್ಲ. ಇಡೀ ವಿಶ್ವವಿದ್ಯಾಲಯ ವಿಶ್ವಾಸದ ಮ್ಯಾಲ ನಿಂತೈತಿ ಬಾಳಾ."

"ನಮ್ಮ ಅಪ್ಪನೂ ಅದರ ಮ್ಯಾಲ ನಿಂತಾನ್ರಿ."

ಅವರಿಗೆ ಅದು ತಟ್ಟಿತು. ತೂಗುಮಂಚ ನಿಂತಿತು. ಒಂದು ಗಳಿಗೆ, ಒಪ್ಪಿಯೇಬಿಟ್ಟರು ಎಂದುಕೊಂಡೆ. "ನಿಮ್ಮ ಅಪ್ಪಗ ಸನ್ಮಾನ ಮಾಡೋಣು," ಎಂದರು. "ಎಲ್ಲಾರಕಿಂತ ಮೊದಲ. ರುಮಾಲ ಸುತ್ತೋಣು, ಶಾಲು ಹೊದಸೋಣು. ನಾನ ನನ್ನ ಕೈಲೆ ಸುತ್ತತೀನಿ. ಆತಿಲ್ಲೋ?"

ಅವರು ಪ್ರೀತಿಯಿಂದಲೇ ಹೇಳಿದರು. ತಮ್ಮ ಬಳಿ ಇದ್ದದ್ದರಲ್ಲಿ ದೊಡ್ಡದನ್ನೇ ಕೊಡುತ್ತಿದ್ದರು. ನನ್ನ ಅಪ್ಪನಿಗೆ ಬೇಕಾದದ್ದು ಮಾತ್ರ ಅದಾಗಿರಲಿಲ್ಲ.

ಗೇಟಿನವರೆಗೆ ಸಕ್ಕುಬಾಯಿ ಬಂದರು. "ಅವ್ರು ಯಾವತ್ತೂ ತಪ್ಪಾತು ಅಂದವರಲ್ಲವ್ವಾ," ಎಂದು ಮೆಲ್ಲಗೆ ಹೇಳಿದರು. "ಲಗ್ನಾಗಿ ಇಷ್ಟ ವರ್ಷಾತು, ನನ್ನ ಮುಂದೂ ಅಂದಿಲ್ಲ. ಸೀರಿ ತಂದ ಕೊಡತಾರ." ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಸಮಾವೇಶದ ದಿನ ಪೆಂಡಾಲಿನ ಮುಂದಿನ ಸಾಲಿನಲ್ಲಿ ಸೋಫಾಗಳು, ನಡುವೆ ಕುರ್ಚಿಗಳು, ಕೊನೆಗೆ ಜಮಖಾನೆ. ನಮ್ಮ ಮಂದಿ ಜಮಖಾನೆಯ ಮೇಲೆ ಕೂತರು. ಕುರ್ಚಿ ಖಾಲಿ ಇದ್ದರೂ ಅಲ್ಲೇ ಕೂತರು. ಗಂಡಸರು ಹೆಗಲ ಮೇಲಿನ ಕಂಬಳಿ ಮಡಿಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಸಾವಕ್ಕ ಮನಿಷಾಳ ಕೈ ಹಿಡಿದುಕೊಂಡು ಕೂತಿದ್ದಳು. ಕುರಿ ಮಾರಿದ ಸುದ್ದಿ ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಅಪ್ಪನನ್ನು ವೇದಿಕೆಯ ಮೇಲೆ ಕೂಡಿಸಿದ್ದರು. ಅವನು ಕುರ್ಚಿಯ ಅಂಚಿಗೆ ಕೂತಿದ್ದ, ಯಾವ ಗಳಿಗೆಯಲ್ಲಾದರೂ ಏಳಬೇಕಾದೀತು ಎನ್ನುವ ಹಾಗೆ.

ಭಾವುಸಾಹೇಬರು ಅಪ್ಪನ ತಲೆಗೆ ರುಮಾಲು ಸುತ್ತಿದರು. ನುರಿತ ಕೈ, ಚಂದ ಸುತ್ತಿದರು. ಆಮೇಲೆ ಮೈಕ್ ಹಿಡಿದು, ಕುರಿಗಾರ ಬಂಧುಗಳು ಕೊಟ್ಟ ಕುರಿಗಳನ್ನು ಒಳ್ಳೆಯ ಧಾರಣೆಗೆ ಮಾರಿ, ತಾವೂ ಅಷ್ಟೇ ಸೇರಿಸಿ ಎರಡು ಖೋಲಿ ಕಟ್ಟಿಸುತ್ತಿರುವುದಾಗಿ ಸಂಭ್ರಮದಿಂದ ಘೋಷಿಸಿದರು. ಮುಂದಿನ ಸಾಲು ಜೋರಾಗಿ ಚಪ್ಪಾಳೆ ತಟ್ಟಿತು. ಹಿಂದೆ, ಜಮಖಾನೆಯ ಮೇಲೆ, ಒಂದು ಕೈಯೂ ಮೇಲೇಳಲಿಲ್ಲ. ಎಲ್ಲರ ಕಣ್ಣು ಅಪ್ಪನ ಮೇಲೆ.

ಎರಡು ಮಾತಾಡಿ ಎಂದು ಅಪ್ಪನ ಕೈಗೆ ಮೈಕ್ ಕೊಟ್ಟರು. ನಾನು ವೇದಿಕೆಯ ಪಕ್ಕದಲ್ಲಿ ಹೂವಿನ ಹಾರಗಳ ತಟ್ಟೆ ಹಿಡಿದು ನಿಂತಿದ್ದೆ. ಅಪ್ಪ ನನ್ನ ಕಡೆ ಒಮ್ಮೆ ನೋಡಿದ. ಅವನು ನಿಜ ಹೇಳಿದರೆ ನನ್ನ ನೌಕರಿಗೆ ಕುತ್ತು ಎಂದು ಅವನು ಎಣಿಸುತ್ತಿದ್ದಾನೆ ಎಂದು ನನಗೆ ಆ ನೋಟದಲ್ಲೇ ತಿಳಿಯಿತು.

"ಸಾಹೇಬ್ರದು ಏನೂ ತಪ್ಪಿಲ್ಲ," ಎಂದ ಅಪ್ಪ. "ಅವರಿಗಿ ಸರಿಯಂಗ ತಿಳಿಸಿ ಹೇಳಾಕ ನನಗ ಬರ್ಲಿಲ್ಲ. ಕೇಳಿದಾಂವ ನಾ. ನಿಮ್ಮ ನಿಮ್ಮ ದಡ್ಡಿಗಿ ನಿಮ್ಮ ಕುರಿ ಬರ್ತಾವು. ನಾ ಹೊಡಕೊಂಡ ಬರ್ತೀನಿ."

ಸುಳ್ಳು! ನಾನು ಪಕ್ಕದಲ್ಲೇ ಇದ್ದೆ, ಅವನು ಸರಿಯಾಗಿಯೇ ತಿಳಿಸಿ ಹೇಳಿದ್ದ. ಜನ್ಮದಲ್ಲಿ ಸುಳ್ಳು ಹೇಳದವನು ನನ್ನ ಸಂಬಳಕ್ಕಾಗಿ ನೂರಾರು ಮಂದಿಯ ಮುಂದೆ ಸುಳ್ಳು ಹೇಳಿದ. ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಜಮಖಾನೆಯ ಕಡೆಗೆ ನಡೆದೆ. ಮುಂದಿನ ಸಾಲಿನವರು ಹಿಂದೆ ತಿರುಗಿ ನೋಡಿದರು. ನಮ್ಮ ಮಂದಿಯ ಎದುರು ಸೆರಗೊಡ್ಡಿ ನಿಂತೆ.

"ಅಪ್ಪ ಸಾಹೇಬ್ರಿಗಿ ಎಲ್ಲಾ ಸರಿಯಂಗ ಹೇಳಿದ್ದ. ನಾ ಕೇಳೀನಿ. ಕುರಿ ಮಾರಬಾರದು ಅಂತ ಗೊತ್ತಿದ್ದೂ ಪ್ರತಿಷ್ಠಾನ ಮಾರೈತಿ. ತಪ್ಪು ನಮ್ಮದು. ಮಲಕಾರಿದಲ್ಲ."

ಸಾವಕ್ಕ ತಲೆಯೆತ್ತಿದಳು. "ರಾಜವ್ವಾ, ಇದನ್ನ ನೀ ಯಾರಾಕಿಯಾಗಿ ಹೇಳಾಕತ್ತಿ? ಅಪ್ಪನ ಮಗಳಾಗೋ, ಸಾಹೇಬ್ರ ಕಡ್ಯಾಕಿಯಾಗೋ? ಮಗಳಾಗಿ ಹೇಳಿದ್ರ ಅದು ನಡ್ಯೂದಿಲ್ಲವ್ವಾ."

"ಸಾಹೇಬ್ರ ಕಡ್ಯಾಕಿಯಾಗಿ ಹೇಳಾಕತ್ತೀನಿ, ಅತ್ತಿ. ನಾ ಪ್ರತಿಷ್ಠಾನದಾಕಿ."

ಎಲ್ಲರೂ ವೇದಿಕೆಯ ಕಡೆ ನೋಡಿದರು. ಸಾಹೇಬರು ಮಾತಾಡುವುದೂ ಬೇಕಿರಲಿಲ್ಲ. ಒಮ್ಮೆ ತಲೆ ಆಡಿಸಿದ್ದರೆ ಸಾಕಿತ್ತು. ಅವರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ಕೊನೆಗೆ ಸೋಫಾಗಳ ಸಾಲನ್ನು ನೋಡಿದರು. ಅಲ್ಲಿ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಕೇಳುತ್ತಿದ್ದರು. ಸಾಹೇಬರು ಅಪ್ಪನ ಕೈಯಿಂದ ಮೈಕ್ ತೆಗೆದುಕೊಂಡರು.

"ರಾಜೇಶ್ವರಿ ನಮಗ ಮಗಳಿದ್ದಂಗ," ಎಂದರು, ಬಹಳ ಮೃದುವಾಗಿ. "ಅಪ್ಪನ ಮ್ಯಾಲಿನ ಮಾಯೆದಿಂದ ಮಾತಾಡಾಕತ್ತಾಳ. ಅದಕ್ಕ ನಾವು ಸಿಟ್ಟ ಮಾಡೂದಿಲ್ಲ. ಆದ್ರ ಆಕಿ ಪ್ರತಿಷ್ಠಾನದ ಪರವಾಗಿ ಮಾತಾಡಿಲ್ಲ ಅಂತ ಎಲ್ಲಾರೂ ತಿಳಕೋಬೇಕು."

ಮತ್ತೆ ಚಪ್ಪಾಳೆ ಬಿತ್ತು. ಅವರ ದೊಡ್ಡ ಮನಸ್ಸಿಗೆ. ನನ್ನ ಸೆರಗು ಹಾಗೇ ಒಡ್ಡಿಕೊಂಡಿತ್ತು. ಅದನ್ನು ಮತ್ತೆ ಹೆಗಲಿಗೆ ಹಾಕಿಕೊಳ್ಳಬೇಕು ಎನ್ನುವುದೂ ನೆನಪಾಗಲಿಲ್ಲ. ಮನಿಷಾ ಎದ್ದು ಬಂದು ಸರಿಮಾಡಿದಳು.

ಅಪ್ಪ ಒಂದು ದಿನವನ್ನೂ ಕಳೆಯಲಿಲ್ಲ. ಮರುದಿನದಿಂದಲೇ ಊರೂರು ಹಿಂಡು ಹೊಡೆದುಕೊಂಡು ಹೊರಟ. ನಾನು ರಜೆ ಹಾಕಿ ಜೊತೆಗೆ ಹೋದೆ. ನೌಕರಿ ಬಿಡುವುದೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದೆ, ಅಪ್ಪನಿಗೆ ಇನ್ನೂ ಹೇಳಿರಲಿಲ್ಲ. ಪ್ರತಿ ದಡ್ಡಿಯ ಮುಂದೆ ಅವನು ಹಿಂಡಿನೊಳಗೆ ಹೊಕ್ಕು, ಇದ್ದುದರಲ್ಲಿ ಒಳ್ಳೆಯ ಕುರಿಯನ್ನೇ ಹಿಡಿದು ಕೊಡುತ್ತಿದ್ದ. ಕೆಲವರು ನೀರು ಕೊಟ್ಟರು. ಒಬ್ಬಿಬ್ಬರು ಬೇಡ ಎಂದು ಕೈ ಹಿಂದಕ್ಕೆ ಎಳೆದರು. ಅಪ್ಪ ಕುರಿಯನ್ನು ಅವರ ಬೇಲಿಯೊಳಗೆ ತಳ್ಳಿ, ತಿರುಗಿ ನೋಡದೆ ಬಂದ.

ಸಾವಕ್ಕನ ದಡ್ಡಿ ಕೊಗನೊಳ್ಳಿಯ ಹತ್ತಿರ, ಹೈವೇಯಿಂದ ಒಳಗೆ. ಕೊನೆಯದಾಗಿ ಅಲ್ಲಿಗೆ ಹೋದೆವು. ಅಪ್ಪನ ಬಳಿ ಉಳಿದಿದ್ದದ್ದು ಒಂದೇ ಕುರಿ, ಗಬ್ಬದ್ದು. ಬೇಕೆಂದೇ ಅದನ್ನು ಅವಳಿಗಾಗಿ ಕಡೆಯವರೆಗೆ ಉಳಿಸಿಕೊಂಡಿದ್ದ.

"ಒಲ್ಲೆ ಅಣ್ಣಾ," ಎಂದಳು ಸಾವಕ್ಕ. ಅವಳ ಕಣ್ಣು ತುಂಬಿತ್ತು. "ನಾ ಬಿಟ್ಟೀನಿ. ನನ್ನ ಕುರಿ ನನಗ ಮುಟ್ಟಿತು ಅನ್ಕೋ."

"ಹಂಗ ಅನಬ್ಯಾಡ ತಂಗೀ. ನೀ ಒಲ್ಲೆ ಅಂದ್ರ ನಾ ಸಾಯೂತನಕ ನಿನ್ನ ಮುಂದ ತಲಿ ಎತ್ತೂದಿಲ್ಲ."

ಅವಳು ಕುರಿಯ ಕೊರಳಿಗೆ ಕೈ ಹಾಕಿ ಒಳಗೆ ಕರೆದುಕೊಂಡಳು. ಬೇರೇನು ಮಾಡಬಹುದಿತ್ತು?

ನಾವು ಹೊರಬಿದ್ದಾಗ ಹೊತ್ತು ಇಳಿಯುತ್ತಿತ್ತು. ಅಪ್ಪನ ಕಾಲು ತಾನಾಗಿ ಮುರಗೆಪ್ಪ ಗೌಡರ ಹೊಲದ ಕಡೆ ತಿರುಗಿತು. ಕಬ್ಬು ಕಡಿದ ಮೇಲೆ ಪ್ರತಿವರ್ಷ ಅಪ್ಪನ ಹಿಂಡು ಅವರ ಹೊಲದಲ್ಲಿ ನಿಲ್ಲುತ್ತಿತ್ತು. ಕುರಿ ನಿಂತ ಹೊಲಕ್ಕೆ ಗೊಬ್ಬರ. ಅದಕ್ಕಾಗಿ ಹೊಲದವರು ಕಾಳು ಕೊಟ್ಟು, ರೊಕ್ಕ ಕೊಟ್ಟು, ತಾವೇ ಬಂದು ಕುರಿಯವರನ್ನು ಕರೆಯುತ್ತಾರೆ. ನಮ್ಮ ಹೊಲಕ್ಕೆ ಬಾ, ಮೊದಲು ನಮ್ಮ ಹೊಲಕ್ಕೆ ಬಾ ಎಂದು ಅಪ್ಪನ ಮುಂದೆ ರೈತರು ಜಗಳಾಡಿದ್ದನ್ನು ನಾನೇ ಕಂಡಿದ್ದೇನೆ.

ಮುರಗೆಪ್ಪ ಗೌಡರು ಬದುವಿನ ಮೇಲೆ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದರು. "ಬಾರೋ ಮಲಕಾರಿ! ಹಿಂಡ ಹಿಂದ ಬರಾಕತ್ತೈತೇನು?"

"ಹಿಂಡ ಇಲ್ರಿ ಗೌಡ್ರ," ಎಂದ ಅಪ್ಪ. ಆಮೇಲೆ ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇವತ್ತೊಂದಿನ ನಾನೂ ನನ್ನ ಮಗಳೂ ಇಲ್ಲಿ ಮಲಗತೀವ್ರಿ. ಅಪ್ಪಣಿ ಕೊಡ್ರಿ."

ಅಪ್ಪ ಯಾರ ಹೊಲಕ್ಕೂ ಅಪ್ಪಣೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಗೌಡರು ಅಪ್ಪನ ಕೈಯಲ್ಲಿದ್ದ ಬಟ್ಟೆಯನ್ನು, ಖಾಲಿ ದಾರಿಯನ್ನು ನೋಡಿದರು. ಏನಾಯಿತು ಎಂದು ಕೇಳಲಿಲ್ಲ. "ಹೊಲದಾಗ ಯಾಕ ಮಲಗತಿ? ಮನಿಗಿ ನಡಿ, ಊಟ ಮಾಡು," ಎಂದರು. ಅಪ್ಪ ಅಲುಗಲಿಲ್ಲ. ಗೌಡರು ಕಿಸೆಗೆ ಕೈ ಹಾಕಿ ಒಂದು ನೋಟು ತೆಗೆದು, ಅವಸರದಲ್ಲಿ ಅಪ್ಪನ ಕೈಗೆ ತುರುಕಿ, "ಇರಲಿ, ಇಟಗೋ," ಎಂದು ಮೋಟಾರ್ ಸೈಕಲ್ ಚಾಲೂ ಮಾಡಿಕೊಂಡು ಹೋದರು.

ನಾನು ಆ ನೋಟನ್ನು ಕಿತ್ತು ಎಸೆಯಬೇಕೆಂದಿದ್ದೆ. ಅಪ್ಪ ಅದನ್ನು ಬಿಡಿಸಿದ, ಸುಕ್ಕು ತೀಡಿದ, ನನ್ನ ಕಡೆ ಚಾಚಿದ.

"ಇದನ್ನ ಒಯ್ದು ಮನಿಷಾನ ಊಟಕ್ಕ ಕಟ್ಟವ್ವಾ," ಎಂದ. "ನೀ ನೌಕರಿ ಬಿಡಬ್ಯಾಡ. ನೀ ಬಿಟ್ರ ಆ ಹುಡುಗಿನ್ನ ಅಲ್ಲಿ ಯಾರ ನೋಡತಾರ? ಆಕಿ ಉಣ್ಣತಾಳ ಅಂತ ಮಾತು ಕೊಟ್ಟಾಂವಾನೂ ನಾನ."

ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಬೇಡ ಎಂದಿದ್ದರೆ, ಅವನ ಬಳಿ ಕೊಡಲು ಇನ್ನೇನೂ ಇರಲಿಲ್ಲ.